ಮೂವತ್ತು ಕಾಯಿಯ ಪರೀಕ್ಷೆ

ಹೊನ್ನವಳ್ಳಿ
೧೧-೪-೧೯೮೪

ಚಿರಂಜೀವಿ ಸರ್ವಮಂಗಳಳಿಗೆ ನಿನ್ನ ಅವ್ವ ಹರಸಿ ಬರೆಯುವ ಕಾಗದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದೇ ಮುಂದೆ ಹೋಗುವುದು ನನ್ನ ರೂಢಿ. ಈ ಸಲ ಅದನ್ನು ಹಾಗೇ ಬರೆದುಬಿಡಲು ಮನಸ್ಸು ಬರಲಿಲ್ಲ. ಯಾರಿಗೂ ಜ್ವರವಿಲ್ಲ, ಕೆಮ್ಮಿಲ್ಲ. ನಿಮ್ಮಪ್ಪ ಊಟಕ್ಕೆ ಕುಳಿತಾಗಲೆಲ್ಲ ಉಪ್ಪು ಕಮ್ಮಿ ಎನ್ನುವುದನ್ನು ಬಿಟ್ಟಿಲ್ಲ. ನಿನ್ನ ಮಗಳು ಗಂಗೂ ಚೆನ್ನಾಗಿ ಉಣ್ಣುತ್ತಾಳೆ, ಹೋದ ವರ್ಷದ ಲಂಗ ಮೊಣಕಾಲಿಗೆ ಬಂದಿದೆ.

ಅವಳು ಬಾಲವಾಡಿಯಲ್ಲಿ ಹೇಗೆ ಕಲಿಯುತ್ತಿದ್ದಾಳೆ ಎಂದು ನೀನು ಮೂರು ಕಾಗದದಲ್ಲಿ ಕೇಳಿದ್ದೆ. ನಾನು ‘ಚೆನ್ನಾಗಿ’ ಎಂದು ಒಂದೇ ಮಾತು ಬರೆದು ಕೈ ತೊಳೆದುಕೊಂಡಿದ್ದೆ. ಈಗ ಪೂರ್ತಿ ಬರೆಯುತ್ತೇನೆ. ಓದಿದ ಕೂಡಲೇ ಹಾಸನದ ನರ್ಸಿಂಗ್ ಹಾಸ್ಟೆಲ್ಲಿನಿಂದ ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡಬೇಡ, ಕೊನೆಯವರೆಗೂ ಓದು.

ಬಾಲವಾಡಿಗೆ ಲಕ್ಷ್ಮೀದೇವಮ್ಮ ಎಂಬ ಟೀಚರ್ ಬಂದಿದ್ದಾರೆ, ತುರುವೇಕೆರೆ ಕಡೆಯವರು. ಇನ್ನೂ ಇಪ್ಪತ್ತೈದು ತುಂಬದ ಹುಡುಗಿ, ಆದರೂ ಟೀಚರ್ ಅಲ್ಲವೆ, ಬಹುವಚನದಲ್ಲೇ ಬರೆಯುತ್ತೇನೆ. ಒಂದೊಂದು ಮಗುವಿಗೂ ಅವರ ನೋಟುಬುಕ್ಕಿನಲ್ಲಿ ಒಂದೊಂದು ಹಾಳೆ ಇದೆ. ಗಂಗೂ ಹಾಳೆಯನ್ನು ನನಗೆ ಓದಿ ಹೇಳಿದರು. ಮಣಿ ಪೋಣಿಸುತ್ತಾಳೆ, ಬಣ್ಣ ಗುರುತಿಸಿ ಜೋಡಿಸುತ್ತಾಳೆ, ಒಂಟಿ ಕಾಲಲ್ಲಿ ಹತ್ತು ಎಣಿಸುವ ತನಕ ನಿಲ್ಲುತ್ತಾಳೆ, ಬೇರೆ ಮಕ್ಕಳ ಮೂಗು ಕೂಡ ಒರೆಸುತ್ತಾಳೆ. ನನಗೆ ಎದೆ ಉಬ್ಬಿತು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಓದಿದರು. ಪದ್ಯ ಹೇಳಿಸುವಾಗ ಪಕ್ಕದವರ ಕೈ ನೋಡಿ ಆಮೇಲೆ ಕೈ ಆಡಿಸುತ್ತಾಳೆ, ಹಿಂದಿನಿಂದ ಹೆಸರು ಕರೆದರೆ ತಿರುಗುವುದಿಲ್ಲ, ಆಡುವ ಮಾತು ಐದಾರೇ. ಇವಳ ಕಿವಿಯನ್ನು ಡಾಕ್ಟರಿಗೆ ತೋರಿಸಬೇಕು ಎಂದರು.

ನನಗೆ ನಖಶಿಖಾಂತ ಉರಿಯಿತು. “ನಮ್ ಮಗೀಗೆ ಕಿವುಡು ಅಂತೀರೇನ್ರೀ? ನಮ್ ವಂಶದಾಗೆ ಮಾತು ತಡ, ಅಷ್ಟೇಯ” ಎಂದು ಅಂದುಬಿಟ್ಟೆ. ಜೂನ್ ತಿಂಗಳಿಗೆ ಒಂದನೇ ಕ್ಲಾಸಿಗೆ ಸೇರಿಸಬೇಕು. ಈಗ ಹೀಗೊಂದು ಮಾತು ಹುಟ್ಟಿದರೆ ಹೆಡ್‌ಮಾಸ್ಟರು ಸೇರಿಸಿಕೊಳ್ಳುತ್ತಾರೆಯೇ ಎಂಬ ಭಯ ನನಗೆ.

ಅಲ್ಲದೆ ನನ್ನ ಕೈಯಲ್ಲಿ ಸಾಕ್ಷಿ ಇತ್ತು. ನೀನೂ ಇದೇ ಜಗಲಿಯಲ್ಲಿ ಕುಳಿತು ಮಾಡಿದ ಕೆಲಸ. ವರ್ಷವೆಲ್ಲ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಸುಲಿದ ಮೇಲೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವಲ್ಲ. ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಒಡೆಯುವ ರಾಶಿಗೆ, ಸದ್ದಿಲ್ಲದಿದ್ದರೆ ಇನ್ನೂ ಒಣಗಬೇಕಾದ ರಾಶಿಗೆ. ಗಂಗೂ ಸಂಕ್ರಾಂತಿಯಿಂದ ನನ್ನ ಪಕ್ಕ ಕುಳಿತು ಕಾಯಿ ಬೇರೆ ಮಾಡುತ್ತಾಳೆ. ನನ್ನ ಹಾಗೆಯೇ ಕಿವಿಗೆ ಹಿಡಿಯುತ್ತಾಳೆ, ಒಂದೂ ತಪ್ಪುವುದಿಲ್ಲ. ಕಾಯಿ ಸುಲಿಯಲು ಬರುವ ಪುಟ್ಟಗಂಗಮ್ಮ ಎಷ್ಟೋ ಸಲ, “ಈ ಕೂಸಿನ ಕಿವಿ ನಂಗಾದ್ರೂ ಇರ್ಬಾರ್ದಿತ್ತಾ ಕಣಮ್ಮ” ಎಂದಿದ್ದಾಳೆ. ಕಿವುಡು ಮಗು ಈ ಕೆಲಸ ಮಾಡುವುದುಂಟೇ?

ಹೋದ ಗುರುವಾರ ಮೂವತ್ತು ಕಾಯಿಗಳನ್ನು ಕಲಸುಮೇಲೋಗರ ಮಾಡಿ ಮಂಕರಿಗೆ ತುಂಬಿ, ಪುಟ್ಟಗಂಗಮ್ಮನ ತಲೆಯ ಮೇಲೆ ಹೊರಿಸಿಕೊಂಡು ಬಾಲವಾಡಿಗೆ ಹೋದೆ. ಟೀಚರು ಜಗಳ ಮಾಡದೆ ಚಾಪೆ ಹಾಸಿದರು. ಗಂಗೂ ಚಕ್ಕಳಮಕ್ಕಳ ಹಾಕಿ ಕುಳಿತು ಮೂವತ್ತನ್ನೂ ಅಲ್ಲಾಡಿಸಿ ಎರಡು ರಾಶಿ ಮಾಡಿದಳು. ಒಂದೊಂದನ್ನೂ ನಾನೇ ಮತ್ತೆ ಅಲ್ಲಾಡಿಸಿ ನೋಡಿದೆ, ಎಲ್ಲ ಸರಿ. ನಾನು ಸೆರಗು ಕೊಡವಿ ಟೀಚರ ಮುಖ ನೋಡಿದೆ.

ಅವರು ಒಡೆಯುವ ರಾಶಿಯಿಂದ ಒಂದು ಕಾಯಿ ತೆಗೆದುಕೊಂಡು ಮಗುವಿನ ಬೆನ್ನ ಹಿಂದೆ ಹೋಗಿ ಬಲಗಿವಿಯ ಹತ್ತಿರ ಅಲ್ಲಾಡಿಸಿದರು. ನನಗೆ ಮಾರು ದೂರಕ್ಕೂ ಕೇಳಿಸಿತು. ಗಂಗೂ ಚಾಪೆಯ ಎಳೆ ಕೀಳುತ್ತಾ ಕುಳಿತಿದ್ದಳು. ಎಡಗಿವಿಗೂ ಹಾಗೇ ಮಾಡಿದರು. ತಿರುಗಲಿಲ್ಲ. ಆಮೇಲೆ ಎರಡೂ ಅಂಗೈಯಿಂದ ಅವಳ ಕಿವಿ ಮುಚ್ಚಿ, ಕಾಯಿಗಳನ್ನು ಮತ್ತೆ ಬೆರೆಸಿ ಮುಂದಿಡಲು ನನಗೆ ಹೇಳಿದರು. ಕಿವಿ ಮುಚ್ಚಿದ್ದರೂ ಮಗು ಒಂದೂ ತಪ್ಪದೆ ಎರಡು ರಾಶಿ ಮಾಡಿತು. “ಕೇಳಿ ಹೇಳ್ತಿಲ್ಲ ಅಜ್ಜಿ, ಅಂಗೈಯಾಗೆ ತಿಳ್ಕತಾಳೆ. ಕಾಯಿ ಒಳಗೆ ಬಡಿಯೋದು ಅವಳ ಕೈಗೆ ಗೊತ್ತಾಯ್ತದೆ. ಬುದ್ಧಿಗೇನೂ ಕಮ್ಮಿಯಿಲ್ಲ ಕಣ್ರೀ, ಜಾಸ್ತಿನೇ ಐತೆ” ಎಂದರು. ಪುಟ್ಟಗಂಗಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು.

ಮನೆಗೆ ಬಂದು ನಾನು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕಾಯಿ ಅಲ್ಲಾಡಿಸಿ ನೋಡಿದೆ. ನಿಜ, ಅಂಗೈಗೆ ಬಡಿಯುತ್ತದೆ. ನಲವತ್ತು ವರ್ಷದಿಂದ ಈ ಕೆಲಸ ಮಾಡಿದ್ದೇನೆ, ನನಗಿದು ಗೊತ್ತೇ ಇರಲಿಲ್ಲ. ಕರೆದರೆ ಬರಲಿಲ್ಲ, ಹಟಮಾರಿ ಎಂದು ಆ ಕೂಸಿನ ಬೆನ್ನಿಗೆ ಎಷ್ಟು ಸಲ ಹೊಡೆದಿದ್ದೇನೆ ಮಂಗಳಾ. ಅಡುಗೆಮನೆಯಲ್ಲಿ ಒಬ್ಬಳೇ ಕುಳಿತು ಅತ್ತೆ. ಆಮೇಲೆ ಎದ್ದು ಮುದ್ದೆ ತೊಳಸಿದೆ.

ನಿಮ್ಮಪ್ಪನಿಗೆ ಹೇಳಿದಾಗ ಮೊದಲು ರೇಗಿದರು. “ಹೆಣ್ ಮಗ, ಕಿವುಡಿ ಅಂತ ಊರಿಗೆಲ್ಲ ಯಾಕೆ ಸಾರ್ತೀಯೇ, ಬುಡು ಅತ್ಲಾಗೆ” ಎಂದರು. ಮಾರನೆಯ ದಿನ ತಿಪಟೂರಿಗೆ ಹೋದವರು ಹಾಸನದ ಬಸ್ಸು ಎಷ್ಟು ಹೊತ್ತಿಗೆ ಎಂದು ತಾವೇ ವಿಚಾರಿಸಿಕೊಂಡು ಬಂದರು. ಬರುವ ಸೋಮವಾರ ಬೆಳಗಿನ ಬಸ್ಸಿಗೆ ನಾವು ಮೂವರೂ ಬರುತ್ತೇವೆ. ಕಿವಿಯ ಡಾಕ್ಟರು ಯಾವ ದಿನ ನೋಡುತ್ತಾರೆ, ಚೀಟಿ ಎಲ್ಲಿ ಮಾಡಿಸಬೇಕು ಎಂದು ನಿನ್ನ ನರ್ಸಮ್ಮಂದಿರನ್ನು ಕೇಳಿಟ್ಟಿರು. ಒಂದನೇ ಕ್ಲಾಸಿನ ಮಾತು ಈ ವರ್ಷ ಬೇಡ ಎಂದಿದ್ದಾರೆ ಟೀಚರು. ಇನ್ನೊಂದು ವರ್ಷ ಇಟ್ಟುಕೊಂಡು, ಮುಂದಿನ ಸಾಲಿನಲ್ಲಿ ಕೂರಿಸಿ ತುಟಿ ತೋರಿಸಿ ಮಾತು ಕಲಿಸುತ್ತಾರಂತೆ. ಈ ಐದು ದಿನದಲ್ಲೇ ‘ಬೆಲ್ಲ’ ಎನ್ನುವುದು ಬಂದಿದೆ. ಸಾಕಪ್ಪ ಅನ್ನಿಸುವಷ್ಟು ಸಲ ಕೇಳುತ್ತಾಳೆ.

ನಿನ್ನ ತರಬೇತಿಗೆ ಇನ್ನು ನಾಲ್ಕೇ ತಿಂಗಳು. ಅಳಿಯಂದಿರು ತೀರಿಹೋದ ಮೇಲೆ ನೀನು ನಿನ್ನ ಕಾಲ ಮೇಲೆ ನಿಲ್ಲಬೇಕೆಂದು ಹಟ ಹಿಡಿದು ಕಳಿಸಿದವಳು ನಾನು. ಮಧ್ಯದಲ್ಲಿ ಬಿಟ್ಟು ಬರಬೇಡ. ಮಗುವಿಗೂ ನಾಳೆ ನಿನ್ನ ಸಂಬಳ ಬೇಕಾಗುತ್ತದೆ.

ಇಂತಿ ನಿನ್ನ ಅವ್ವ,
ಶಿವರುದ್ರಮ್ಮ

ತಾ.ಕ.: ಈ ಲಕೋಟೆಯಲ್ಲಿ ಇನ್ನೊಂದು ಕಾಗದ ಇದೆ, ಟೀಚರು ನಿನಗೆ ಬರೆದದ್ದು. ತಾರೀಖು ನೋಡು, ಹೋದ ನವರಾತ್ರಿಯದು. ನಿನ್ನ ವಿಳಾಸ ಗೊತ್ತಿಲ್ಲ, ನೀವೇ ಬರೆದು ಅಂಚೆಗೆ ಹಾಕಿ ಎಂದು ನನ್ನ ಕೈಗೆ ಕೊಟ್ಟಿದ್ದರು. ಬಿಡಿಸಿ ಓದಿದೆ, ಇದೇ ಕಿವಿಯ ಮಾತು. ನೀನು ಇದನ್ನು ನೋಡಿದರೆ ಓದು ಬಿಟ್ಟು ಬಂದುಬಿಡುತ್ತೀಯ ಎಂದು ಆರು ತಿಂಗಳು ಪೆಟ್ಟಿಗೆಯಲ್ಲಿ ಸೀರೆಯ ಅಡಿಗೆ ಇಟ್ಟಿದ್ದೆ. ಹೊಡೆದದ್ದೂ ಈ ಆರು ತಿಂಗಳಲ್ಲೇ. ಸೋಮವಾರ ನಾವು ಬಂದಾಗ ನನ್ನನ್ನು ಎಷ್ಟು ಬೇಕಾದರೂ ಬೈ, ಆದರೆ ಗಂಗೂ ಎದುರಿಗೆ ಬೇಡ. ಅವಳಿಗೆ ಕೇಳಿಸುವುದಿಲ್ಲ ನಿಜ, ಆದರೆ ನಮ್ಮ ಮುಖ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಾಳೆ.