ಸಮ ತಾರೀಖಿನ ಬೈಕು

ಮಾರ್ಚ್ ೪, ಬುಧವಾರ

ಇವತ್ತು ನನ್ನ ದಿನ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟೆ — ಪಟ್, ಪಟ್, ಢಂ. ಸೈಲೆನ್ಸರಿನೊಳಗೆ ಸಿಡಿದ ಸದ್ದಿಗೆ ರಸ್ತೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಾರ್ಬ್ಯುರೇಟರಿಗೆ ಗಾಳಿ ಬಿಡುವ ಏರ್ ಸ್ಕ್ರೂ ಅರ್ಧ ಸುತ್ತು ಒಳಕ್ಕೆ ಕೊಟ್ಟೆ. ಸದ್ದು ತಗ್ಗಿತು, ಪೂರ್ತಿ ಹೋಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಾಯಿತು, ಪಾತ್ರೆ ಪಡಗ ಪಾಲಾಯಿತು. ಅಪ್ಪ ಬಿಟ್ಟುಹೋದ ಈ ಬೈಕಿಗೆ ಮಾತ್ರ ನಡುವೆ ಗೋಡೆ ಕಟ್ಟಲಾಗಲಿಲ್ಲ. ಬೆಸ ತಾರೀಖು ಅಣ್ಣನಿಗೆ, ಸಮ ನನಗೆ. ಬೆಸ ದಿನ ಬೇಕರಿ ಕೆಲಸಕ್ಕೆ ಕತ್ತಲಲ್ಲೇ ನಡೆಯುತ್ತೇನೆ, ಆ ಹೊತ್ತಿಗೆ ಬಸ್ಸಿಲ್ಲ. ಅಣ್ಣನ ಜೊತೆ ಮಾತು ಬಿಟ್ಟಾಗಿದೆ. ಏನಿದ್ದರೂ ಅಮ್ಮನ ಮೂಲಕ.

ಮಾರ್ಚ್ ೬

ಸ್ಕ್ರೂ ಮತ್ತೆ ಹೊರಗೆ ಬಂದಿದೆ. ತಾನಾಗಿ ತಿರುಗುವಷ್ಟು ಸಡಿಲವಿಲ್ಲ ಅದು.

ಅಮ್ಮ ತಟ್ಟೆ ಇಡುತ್ತಾ, "ಸದ್ದು ನಿಂತ್ರೆ ಬೈಕು ಮನೇಲೇ ಇರ್ಲಿ ಅಂದ ಕಣೋ ನಿಮ್ಮಣ್ಣ. ಇಲ್ಲಾಂದ್ರೆ ಗುಜರಿಗೆ ಹಾಕ್ತಾನಂತೆ" ಎಂದಳು.

ಓಹೋ. ಅದಕ್ಕೇ ತಿರುಗಿಸುತ್ತಿದ್ದಾನೆ! ಸದ್ದು ನಿಲ್ಲಬಾರದು ಅವನಿಗೆ. ಎಂಥ ನೀಚ ಬುದ್ಧಿ. ನನಗೆ ಸೈಕಲ್ ಕೂಡ ಕೊಡಿಸದ ಅಪ್ಪ, ಈ ಬೈಕಿನ ಹ್ಯಾಂಡಲ್ ಮಾತ್ರ ನಂಬಿ ಕೈಗೆ ಕೊಟ್ಟಿದ್ದ. ಗುಜರಿಗೆ ಬಿಡುತ್ತೇನೆಯೇ? ಸ್ಕ್ರೂ ಮತ್ತೆ ಒಳಕ್ಕೆ ಕೊಟ್ಟು, ತಿರುಗಿಸಿದರೆ ಗೊತ್ತಾಗಲಿ ಎಂದು ಅದರ ತಲೆಯ ಮೇಲೆ ಬಿಳಿ ಪೇಂಟಿನ ಗೆರೆ ಎಳೆದಿಟ್ಟೆ.

ಮಾರ್ಚ್ ೮, ಭಾನುವಾರ

ಗೆರೆ ಸರಿದಿದೆ. ಸೀದಾ ಅವನ ಬಾಗಿಲಿಗೆ ಹೋದೆ.

"ಸ್ಕ್ರೂ ಯಾಕೋ ಮುಟ್ಟಿದೆ?"

"ನೀನ್ಯಾಕೆ ಮುಟ್ಟಿದೆ? ಒಳಕ್ಕೆ ತಿರುಗ್ಸಿ ತಿರುಗ್ಸಿ ಪೆಟ್ರೋಲ್ ಕುಡಿಸ್ತಿದೀಯ. ಪ್ಲಗ್ ಬಿಚ್ಚಿ ನೋಡು, ಮಸಿ ಹಿಡಿದಿದೆ."

"ನೀನು ಹೊರಕ್ಕೆ ಕೊಟ್ಟಿದ್ದಕ್ಕೇ ಅದು ಸಿಡಿಯೋದು!"

"ಬನ್ ಸುಡೋನಿಗೆ ಎಂಜಿನ್ ಬಗ್ಗೆ ಏನ್ ಗೊತ್ತು? ನಾನೂ ಸರಿ ಮಾಡಕ್ಕೇ ನೋಡ್ತಿದೀನಿ, ಹೋಗು."

ಮೈಯೆಲ್ಲ ಉರಿದುಹೋಯಿತು. ಪಾಲಾದ ಮೇಲೆ ನಾವಾಡಿದ ಮೊದಲ ಮಾತು ಇದು. ಸರಿ ಮಾಡಲು ನೋಡುತ್ತಿದ್ದಾನಂತೆ... ಆ ಮುಖ ನೋಡಿ ಯಾರು ನಂಬಬೇಕು.

ಮಾರ್ಚ್ ೧೨

ನಡುವೆ ಬರೆಯಲಿಲ್ಲ. ಬರೆದರೆ ಬರೀ ಬೈಗುಳವಾಗುತ್ತಿತ್ತು.

ಇವತ್ತು ಸ್ಕ್ರೂ ತಂಟೆಗೆ ಹೋಗಲಿಲ್ಲ. ಹೊಗೆ ಬೇರೆಲ್ಲಾದರೂ ಸೋರುತ್ತಿದೆಯೇ ನೋಡಲು, ಎಂಜಿನ್ ಓಡುತ್ತಿರುವಾಗಲೇ ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಒತ್ತಿ ಹಿಡಿದೆ. ಎಂಜಿನ್ನಿಗೆ ಪೈಪು ಸೇರುವ ಕಡೆ ಫುಸ್ ಫುಸ್! ಸುತ್ತ ಮಸಿ. ಅಲ್ಲಿಂದಲೇ ಹೊರಗಿನ ಗಾಳಿ ನುಗ್ಗಿ, ಬಿಸಿ ಪೈಪಿನಲ್ಲಿ ಉಳಿದ ಪೆಟ್ರೋಲು ಸಿಡಿಯುತ್ತಿದೆ. ಸ್ಕ್ರೂ ಎತ್ತ ತಿರುಗಿಸಿದರೂ ಅಷ್ಟೇ.

ಅಣ್ಣ ಯಾವಾಗ ಬಂದು ನಿಂತನೋ. ಎಂಜಿನ್ ಆರಿಸಿ, ಪೈಪು ತಣಿದ ಮೇಲೆ ಕುಕ್ಕರಗಾಲಲ್ಲಿ ಕೂತು ಅದನ್ನು ಹಿಡಿದ. ಬಿಚ್ಚಿದರೆ ಒಳಗೆ ಸಂದಿ ಮುಚ್ಚುವ ತಾಮ್ರದ ಬಳೆ, ಗ್ಯಾಸ್ಕೆಟ್, ಒಂದರ ಮೇಲೊಂದು, ಎರಡು. ಒಂದು ಹಿಂದೆ ನಾನು ಹಾಕಿದ್ದು. ಇನ್ನೊಂದು ಅವನು, ಹಳೆಯದನ್ನು ತೆಗೆಯದೆ, ನನ್ನನ್ನು ಕೇಳದೆ. ಎರಡೂ ನೆಟ್ಟಗೆ ಕೂತಿಲ್ಲ.

"ಹೇಳಕ್ಕೇನಾಗಿತ್ತು?" ಎಂದೆ.

"ನೀನು ಹೇಳಿದ್ಯಾ?"

ಎರಡನ್ನೂ ಕೆರೆದು ತೆಗೆದು ಹೊಸದೊಂದು ಹಾಕಿದೆವು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟೆ. ಸದ್ದೇ ಇಲ್ಲ. ಖುಷಿಗೆ ಇನ್ನೊಂದು ಸಲ ಹತ್ತಿ ಇಳಿದೆ. ಅವನ ಮೇಲಿನ ಸಿಟ್ಟೂ ಸ್ವಲ್ಪ ಇಳಿಯಿತು, ಸುಳ್ಳೇಕೆ.

ಮಾರ್ಚ್ ೧೪, ಶನಿವಾರ, ಸಂಜೆ

ಅಮ್ಮನ ಹತ್ತಿರ ಬಂದಿದ್ದ ಅಣ್ಣ, ಫೋನಿನಲ್ಲಿ ಯಾರಿಗೋ: "ನಾಳೆ ಬೆಳಿಗ್ಗೆ ಬಂದು ಬೈಕು ತಗೊಂಡ್ಹೋಗಿ. ಸೌಂಡ್ ಎಲ್ಲ ಹೋಗಿದೆ ಈಗ."

ಕೊರಳಪಟ್ಟಿ ಹಿಡಿದೆ.

"ಕೈ ತೆಗಿ. ಸದ್ದು ನಿಲ್ಸಿ ಮಾರೋಣ ಅಂತ ತಾನೆ ನಾನು ಅಮ್ಮನ ಹತ್ರ ಹೇಳಿ ಕಳ್ಸಿದ್ದು? ಸಿಡಿಯೋ ಗಾಡಿ ಯಾವನ್ ತಗೋತಾನೆ? ಅರ್ಧ ನಿಂದೇ."

ಅಮ್ಮನ ಕಡೆ ತಿರುಗಿದೆ. ಒಗೆದ ಬಟ್ಟೆ ಮಡಿಸುತ್ತಲೇ ಇದ್ದಳು.

"ಮಾರ್ತಾನೆ ಅಂತ ನಿಜ ಹೇಳಿದ್ರೆ ನೀನು ರಿಪೇರಿಗೆ ಕೈ ಹಾಕ್ತಿದ್ಯಾ? ಇಬ್ರೂ ಒಟ್ಟಿಗೆ ಕೂರ್ಲಿ ಅಂತ ಹಂಗಂದೆ. ಕೂತ್ರಲ್ಲ."

ಅಣ್ಣ ಧಡ್ ಎಂದು ಬಾಗಿಲು ಹಾಕಿಕೊಂಡು ಹೊರಗೆ ಹೋದ.

ಸಿಡಿಯುವ ಗಾಡಿ ಯಾರೂ ತಗೊಳ್ಳುವುದಿಲ್ಲ — ಅವನೇ ಅಂದದ್ದು. ಮತ್ತೆ ಸಿಡಿಯಲಿ ಎಂದು ಪೈಪಿನ ಎರಡು ನಟ್ಟಿನಲ್ಲಿ ಒಂದನ್ನು ಸಡಿಲಿಸಿ ಬಂದೆ. ಒಳಗಡೆಯ ನಟ್ಟಿಗೆ ಬೆಳಕು ಸಾಲದು. ಟಾರ್ಚ್ ಹಿಡಿಯಲು ಅಮ್ಮನನ್ನು ಕರೆದೆ. ಬೇಡ ಎನ್ನಲಿಲ್ಲ. ಬಟ್ಟೆ ಬಿಟ್ಟು ಎದ್ದಳು. ಚಪ್ಪಲಿ ಹುಡುಕುತ್ತಿದ್ದಾಳೆ. "ಬೇಗ ಬಾರೋ, ಅವ್ನು ಬಂದ್ಬಿಡ್ತಾನೆ" ಅನ್ನುತ್ತಿದ್ದಾಳೆ. ಉಳಿದದ್ದು ಆಮೇಲೆ ಬರೆಯುತ್ತೇನೆ.