ಎಲ್ಲ ಕಡೆಯಿಂದಲೂ 24.99

ಮಾರ್ಚ್ 3, ಸೋಮವಾರ. ಬೆಳಗ್ಗೆ 8.40

ಮೈಕ್ರೋಮೀಟರ್ ಸೊನ್ನೆಗೆ ಬಂತು. ನಾನಿನ್ನೂ ಬಂದಿಲ್ಲ. ಇನ್ನೊಂದು ಟೀ ಬೇಕು.

ಮೊದಲ ಟ್ರೇ, ನಲವತ್ತು ಬುಷ್, ಗಿಡ್ಡ ಲೋಹದ ಕೊಳವೆಗಳು. ಅಳೆದೆ, ಮೊಹರು ಒತ್ತಿದೆ. ಏಳನೇ ನಂಬರಿನ ಮೊಹರು. ಹತ್ತೊಂಬತ್ತು ವರ್ಷದಿಂದ ಈ ಫ್ಯಾಕ್ಟರಿಯ ತಪಾಸಣೆ ಮೇಜಿನ ಮೇಲೆ ಅದೇ ಏಳು. ರಬ್ಬರು ಮೂರು ಸಲ ಬದಲಾಯಿತು. ಹಿಡಿ ಅದೇ, ಕೈಯೂ ಅದೇ.

10.15

ಮ್ಯಾನೇಜರ್ ಬಂದರು. ಬೆನ್ನ ಹಿಂದೆ ನಾವೆಲ್ಲ ಅವರನ್ನು ಕರೆಯುವುದು ‘ಅರ್ಜೆಂಟು’ ಎಂದು. ಕೈಯಲ್ಲಿ ಒಂದು ಪಿನ್ನು, ಹೆಬ್ಬೆರಳು ದಪ್ಪದ ಉಕ್ಕಿನ ತುಂಡು. ಹೋದ ತಿಂಗಳು ಪಂಪ್ ಕಂಪನಿಗೆ ಕಳಿಸಿದ ಮುನ್ನೂರರಲ್ಲಿ ಒಂದು.

‘‘ಮುನ್ನೂರೂ ವಾಪಸ್ ಮೇಡಂ. ತೂತಿಗೆ ಹೋಗ್ತಿಲ್ವಂತೆ. ದಪ್ಪ ಇದೆ ಅಂತಾರೆ.’’

‘‘ದಪ್ಪ ಇಲ್ಲ ಸರ್. ನಾನೇ ಅಳೆದಿದ್ದು.’’

‘‘ನಾನೂ ಅದನ್ನೇ ಹೇಳ್ತಿರೋದು. ನೀವೇ ಅಳೆದಿದ್ದು.’’

ಡ್ರಾಯಿಂಗ್ ಪ್ರಕಾರ ವ್ಯಾಸ 24.98ರಿಂದ 25.00 ಮಿಲಿಮೀಟರ್. ಅವರ ತೂತು 25.01. ಅವರೆದುರೇ ಅಳೆದೆ. 24.99. ಸ್ವಲ್ಪ ತಿರುಗಿಸಿದೆ. 24.99. ಇನ್ನೂ ಸ್ವಲ್ಪ... ತಲೆ, ನಡು, ಬಾಲ — ಎಲ್ಲ ಕಡೆ 24.99.

ಅರ್ಜೆಂಟು ಮೈಕ್ರೋಮೀಟರ್ ನೋಡಲಿಲ್ಲ, ಕೈಗಡಿಯಾರ ನೋಡಿದರು. ‘‘ಶುಕ್ರವಾರ ಅವರ ಇನ್‌ಸ್ಪೆಕ್ಟರ್ ಬರ್ತಾರೆ. ಅಳತೆಯಲ್ಲಿ ಕಣ್ತಪ್ಪಾಗಿದೆ ಅಂತ ಒಂದು ಸಾಲು ಬರೆದು ಸೈನ್ ಹಾಕಿಬಿಡಿ. ಮುಗಿದೋಯ್ತು.’’

‘‘ನನ್ನ ಮೊಹರು?’’

‘‘ಸ್ವಲ್ಪ ದಿನ ಪ್ಯಾಕಿಂಗ್‌ನಲ್ಲಿರಿ. ಆಮೇಲೆ ನೋಡೋಣ.’’

ಇವರ ‘ಆಮೇಲೆ’ ಯಾವತ್ತು ಬಂದಿದೆ? ಸೈನ್ ಹಾಕುವುದಿಲ್ಲ. ತಪ್ಪು ಎಲ್ಲಿದೆ ಎಂದು ತಿಳಿಯುವ ತನಕ ಒಂದಕ್ಷರವೂ ಇಲ್ಲ.

ಸುತ್ತಿ ಸುತ್ತಿ ಅಳೆದರೂ ಬರುವ ಅಂಕಿ ಒಂದೇ,
ತೂತಿನ ಬಾಯಿಗಿಟ್ಟರೆ ಪಿನ್ನು ಸರಿವುದು ಹಿಂದೆ.

(ಕವಿತೆ ಅಲ್ಲ. ಕಿರಿಕಿರಿ.)

ಮಾರ್ಚ್ 4. ಮಧ್ಯಾಹ್ನ 1.10

ಮೈಕ್ರೋಮೀಟರಿನ ಮೇಲೇ ಅನುಮಾನ. ಇನ್ನೆರಡು ತರಿಸಿದೆ. ಮೂರೂ 24.99. ನನ್ನ ಕಣ್ಣಿನ ಮೇಲೂ ಅನುಮಾನ ಇರಲಿ ಎಂದು ಸ್ಟೋರ್ಸ್ ಅಕ್ಕನಿಂದ ಓದಿಸಿದೆ.

‘‘24.99 ಕಣೆ. ಮೂರೂ ಒಂದೇ ಮಾತು. ಇಷ್ಟು ಒಗ್ಗಟ್ಟು ನಮ್ಮ ಯೂನಿಯನ್‌ನಲ್ಲೂ ಇಲ್ಲ.’’

ಒಂದು ವಿಷಯ ಬರೆಯಬೇಕು. ಬೆಳಗ್ಗಿನಿಂದ ಮುಂದೂಡುತ್ತಿದ್ದೇನೆ. ರಿಂಗ್ ಗೇಜ್ — ಪಿನ್ನು ತೂರಿಸಿ ನೋಡುವ ಉಕ್ಕಿನ ಬಳೆ — ಫೆಬ್ರವರಿಯಲ್ಲಿ ಪರೀಕ್ಷೆಗೆಂದು ಹೊರಗೆ ಹೋದದ್ದು ಇನ್ನೂ ಬಂದಿಲ್ಲ. ಈ ಮುನ್ನೂರನ್ನು ಅದಿಲ್ಲದೆಯೇ ಪಾಸ್ ಮಾಡಿದೆ. ಅಂಕಿ ಸರಿಯಿತ್ತಲ್ಲ, ಸಾಕು ಎಂದುಕೊಂಡೆ. ಅರ್ಜೆಂಟಿಗೆ ಇದು ಗೊತ್ತಿಲ್ಲ. ನನಗೆ ಗೊತ್ತು.

ಸಂಜೆ 7

ಮನೆಯವರು ದರ್ಜಿ. ಮುಂದಿನ ಕೋಣೆಯೇ ಅಂಗಡಿ. ನಾನು ಬಂದಾಗ ಒಂದು ಪ್ಯಾಂಟಿನ ಹೊಲಿಗೆ ಬಿಚ್ಚುತ್ತ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೈಯುತ್ತಿದ್ದರು.

‘‘ಸೊಂಟ ಮೂವತ್ನಾಲ್ಕು, ಪ್ಯಾಂಟೂ ಮೂವತ್ನಾಲ್ಕು. ಆದ್ರೂ ಹಿಡಿಯುತ್ತೆ ಅಂತಾನೆ ಮಹಾರಾಯ.’’

‘‘ಟೇಪು ಸುಳ್ಳು ಹೇಳ್ತಾ?’’

‘‘ಅದ್ಯಾಕೆ ಹೇಳುತ್ತೆ? ಮೂವತ್ನಾಲ್ಕು ಅಂತು, ಸುಮ್ಮನಾಯ್ತು. ಹೊಟ್ಟೆ ಮುಂದಿದ್ಯೋ ಪಕ್ಕಕ್ಕಿದ್ಯೋ, ಅದನ್ನ ಕೇಳಿದವರ್ಯಾರು? ನಾನಂತೂ ಕೇಳ್ಲಿಲ್ಲ. ಒಂದ್ಸಲ ಹಾಕಿಸಿ ನೋಡಿದ್ರೆ ಮುಗೀತಿತ್ತು.’’

ಊಟಕ್ಕೆ ಕೂತಾಗಲೂ ಅದೇ ಮಾತು. ಕೇಳಿದವರು ಯಾರು? ನಾನು ಕೇಳಿದ್ದೆನೇ?

ಮಾರ್ಚ್ 5. ಬೆಳಗ್ಗೆ 8.05

ಏಳನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ಕಂಠಪಾಠ ಮಾಡಿಸಿದ್ದು ದಾರಿಯುದ್ದಕ್ಕೂ ಬಾಯಿಗೆ ಬಂತು: ವೃತ್ತದ ಕೇಂದ್ರದ ಮೂಲಕ ಹಾದುಹೋಗುವ ಜ್ಯಾವೇ ವ್ಯಾಸ. ಅವರು ‘ವ್ಯಾಸ’ಕ್ಕೆ ಒತ್ತು ಕೊಡುತ್ತಿದ್ದರು. ಒತ್ತು ಬೀಳಬೇಕಾದದ್ದು ‘ವೃತ್ತದ’ ಮೇಲೆ. ಮೊದಲು ವೃತ್ತ ಇರಬೇಕು, ಆಮೇಲಲ್ಲವೇ ವ್ಯಾಸ?

ಮೈಕ್ರೋಮೀಟರಿಗೆ ಎರಡೇ ದವಡೆ. ನಡುವೆ ಸಿಕ್ಕಿದ್ದು ಎಷ್ಟು ಅಗಲ ಎಂದು ಹೇಳುತ್ತದೆ. ದುಂಡಗಿದೆಯೇ ಎಂದು ಕೇಳಿದರೆ ಅದಕ್ಕೆ ಆ ಭಾಷೆಯೇ ಬರುವುದಿಲ್ಲ.

ಬೀರುವಿನ ತಳದಿಂದ ವಿ-ಬ್ಲಾಕ್ ತೆಗೆದೆ. ಉಕ್ಕಿನ ದಿಂಡಿನಲ್ಲಿ ಕೊರೆದ ‘V’ ಆಕಾರದ ಒಂದು ಕಾಲುವೆ, ಅಷ್ಟೆ. ಒಂದು ಬೆರಳು ಧೂಳು. ಒರೆಸಿ ಪಿನ್ನು ಮಲಗಿಸಿದೆ. ಮೇಲೆ ಗಡಿಯಾರದ ಮುಖದ ಡಯಲ್ ಗೇಜಿನ ತುದಿ ತಾಗಿಸಿದೆ. ಪಿನ್ನು ದುಂಡಗಿದ್ದರೆ, ತಿರುಗಿಸಿದಾಗ ಮುಳ್ಳು ಅಲ್ಲಾಡಬಾರದು.

ತಿರುಗಿಸಿದೆ.

ಮುಳ್ಳು ಆರು ಗೆರೆ ಏರಿತು. ಇಳಿಯಿತು. ಏರಿತು, ಇಳಿಯಿತು. ಒಂದು ಸುತ್ತಿಗೆ ಮೂರು ಸಲ. ಇನ್ನೊಂದು ಪಿನ್ನು — ಮೂರು ಸಲ. ಹತ್ತು ಪಿನ್ನು — ಹತ್ತೂ ಹಾಗೇ.

ಮೂರು ಉಬ್ಬು. ಒಂದು ಉಬ್ಬಿನ ಎದುರಿಗೆ ಸರಿಯಾಗಿ ಒಂದು ತಗ್ಗು. ಹಾಗಾಗಿ ಯಾವ ಕಡೆಯಿಂದ ಹಿಡಿದರೂ ಅಗಲ ಒಂದೇ. ಆದರೆ ತೂತಿನೊಳಗೆ ಮೂರು ಉಬ್ಬೂ ಒಟ್ಟಿಗೆ ಹೋಗಬೇಕು. ಹೋಗುವುದಿಲ್ಲ.

ಮುನ್ನೂರು ಸಲ ‘ವ್ಯಾಸ’ ಎಂದು ಬರೆದಿದ್ದೇನೆ. ಒಂದಕ್ಕೂ ವ್ಯಾಸ ಇರಲಿಲ್ಲ. ಅಳತೆ ಮಾತ್ರ ಇತ್ತು.

ಮಧ್ಯಾಹ್ನ 3

ಪಿನ್ನುಗಳನ್ನು ಉಜ್ಜಿ ದುಂಡಗೆ ಮಾಡುವ ಗ್ರೈಂಡಿಂಗ್ ದೊಡ್ಡಪ್ಪನ ಕೆಲಸ. ನನಗೆ ದೊಡ್ಡಪ್ಪನಲ್ಲ, ಇಡೀ ಫ್ಯಾಕ್ಟರಿಗೆ ದೊಡ್ಡಪ್ಪ. ಬೆರಳಲ್ಲಿ ಉಜ್ಜಿಯೇ ದುಂಡಗಿದೆಯೋ ಇಲ್ಲವೋ ಹೇಳುತ್ತೇನೆ ಎನ್ನುವ ಮನುಷ್ಯ. ಅಂಥವರಿಗೆ ಪಿನ್ನು ದುಂಡಗಿಲ್ಲ ಎನ್ನುವುದು ಹೇಗೆ? ಆದರೂ ಹೇಳಿದೆ.

‘‘ನೀನು ಈ ಬಾಗಿಲಿಗೆ ಬರೋಕೆ ಮುಂಚೆ ನಾನು ಈ ಮಷೀನಿಗೆ ಬಂದೋನು. ದುಂಡು ಅಂದ್ರೇನು ಅಂತ ನನಗೆ ಹೇಳಿಕೊಡ್ತೀಯೇನಮ್ಮಾ?’’

‘‘ನಾನು ಹೇಳಲ್ಲ ದೊಡ್ಡಪ್ಪ. ನೀವೇ ತಿರುಗಿಸಿ.’’

ತಿರುಗಿಸಿದರು. ಮುಳ್ಳು ಮೂರು ಸಲ ಏರಿ ಇಳಿಯಿತು. ಮತ್ತೆ ತಿರುಗಿಸಿದರು. ಕನ್ನಡಕ ಒರೆಸಿ ಮೂರನೇ ಸಲ. ಆಮೇಲೆ ಸ್ಟೂಲಿನ ಮೇಲೆ ಕೂತರು.

‘‘ಪಟ್ಟಿ’’ ಎಂದರು.

ಗ್ರೈಂಡಿಂಗ್ ಚಕ್ರಗಳ ನಡುವೆ ಪಿನ್ನನ್ನು ಕೆಳಗಿನಿಂದ ಹೊತ್ತುಕೊಳ್ಳುವ ಪಟ್ಟಿ. ಸವೆದಿದೆ. ಪಿನ್ನು ಇರಬೇಕಾದ ಎತ್ತರಕ್ಕಿಂತ ಕೆಳಗೆ ಕೂರುತ್ತಿದೆ. ಹಾಗೆ ಕೂತರೆ ಉಬ್ಬು ತಗ್ಗು ಒಂದಕ್ಕೊಂದು ಕೈ ಹಿಡಿದುಕೊಂಡೇ ತಿರುಗುತ್ತವೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

‘‘ಹೊಸದು ಬೇಕು ಅಂತ ಜನವರಿಯಲ್ಲೇ ಬರೆದುಕೊಟ್ಟೆ. ಏನಂದ್ರು ಹೇಳು?’’

‘‘ಆಮೇಲೆ ನೋಡೋಣ.’’

ಇಬ್ಬರೂ ನಕ್ಕೆವು. ಎದ್ದು ಹೋಗುವಾಗ ತಿರುಗಿ ನೋಡದೆ ಹೇಳಿದರು: ‘‘ನನ್ನ ವಿಷಯಾನೂ ಬರಿ. ಬಿಡಬೇಡ. ಪಟ್ಟಿ ಸವೆದಿದೆ ಅಂತ ಗೊತ್ತಿದ್ದೂ ಓಡಿಸಿದ್ದು ನಾನೇ.’’

ಮಾರ್ಚ್ 6. ಸಂಜೆ 5

ಬರೆದುಕೊಟ್ಟೆ. ಅರ್ಜೆಂಟು ಕೇಳಿದ ಒಂದು ಸಾಲಲ್ಲ, ಒಂದು ಪುಟ. ಅಳತೆ ಸರಿ. ಆಕಾರ ತಪ್ಪು. ಪಟ್ಟಿ ಸವೆದಿತ್ತು, ಗೊತ್ತಿದ್ದೂ ಯಂತ್ರ ಓಡಿತು, ಹೊಸ ಪಟ್ಟಿಗೆ ಜನವರಿಯಲ್ಲೇ ಬೇಡಿಕೆ ಇತ್ತು. ರಿಂಗ್ ಗೇಜ್ ಇರಲಿಲ್ಲ, ಇಲ್ಲದೆಯೇ ಪಾಸ್ ಮಾಡಿದವಳು ನಾನು.

ಓದಿದರು. ಹಣೆ ಉಜ್ಜಿಕೊಂಡರು. ‘‘ಡಯಾಮೀಟರೋ ಡೈಮೆನ್ಷನ್ನೋ, ಎರಡೂ ಒಂದೇ ಅಲ್ವಾ ಮೇಡಂ? ಯಾಕಿಷ್ಟು ಎಳೀತೀರಾ?’’

‘‘ಡೈಮೆನ್ಷನ್ ಯಾವುದಕ್ಕೂ ಇರುತ್ತೆ ಸರ್. ಉದ್ದ, ಅಗಲ, ಎತ್ತರ. ನಿಮ್ಮ ಈ ಮೇಜಿಗೂ ಇದೆ. ಇದರ ಡಯಾಮೀಟರ್ ಎಷ್ಟು ಹೇಳಿ?’’

ಪಾಪ, ಒಂದು ಕ್ಷಣ ಮೇಜು ನೋಡಿದರು.

‘‘ರಿಂಗ್ ಗೇಜ್ ಸಾಲು ತೆಗೀರಿ. ನಿಮಗೇ ಒಳ್ಳೇದು. ಅದೊಂದು ಇಲ್ದಿದ್ರೆ ನಿಮ್ಮನ್ನ ಯಾರೂ ಮುಟ್ಟಲ್ಲ.’’

ನಿಜ. ಅದೊಂದು ಸಾಲು ತೆಗೆದರೆ ಏಳನೇ ನಂಬರು ಉಳಿಯುತ್ತದೆ. ಆದರೆ ಆ ಪುಟವೂ ಪಿನ್ನಿನಂತೆಯೇ ಆಗುತ್ತದೆ. ಯಾವ ಕಡೆಯಿಂದ ನೋಡಿದರೂ ಸರಿ, ಹಾಕಿ ನೋಡಿದರೆ ಹೋಗದು.

ತೆಗೆಯಲಿಲ್ಲ.

ಮಾರ್ಚ್ 7, ಶುಕ್ರವಾರ. 12.30

ಪಂಪ್ ಕಂಪನಿಯ ಇನ್‌ಸ್ಪೆಕ್ಟರ್ ನನ್ನ ವಯಸ್ಸಿನ ಹೆಂಗಸು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಪುಟವನ್ನು ಎರಡು ಸಲ ಓದಿ, ತಾನೇ ವಿ-ಬ್ಲಾಕಿನ ಮೇಲೆ ಪಿನ್ನು ತಿರುಗಿಸಿದರು.

‘‘ನಮ್ಮಲ್ಲೂ ಮೂರು ದಿನ ಮೈಕ್ರೋಮೀಟರ್ ಹಿಡ್ಕೊಂಡು ಜಗಳ ಆಡಿದ್ವಿ’’ ಎಂದರು. ಆಮೇಲೆ ನನ್ನನ್ನೇ ನೋಡಿ: ‘‘ರಿಂಗ್ ಗೇಜ್ ಇಲ್ದೆ ಯಾಕೆ ಪಾಸ್ ಮಾಡಿದ್ರಿ?’’

‘‘ಅಂಕಿ ನಂಬಿದೆ ಮೇಡಂ.’’

ತಲೆಯಾಡಿಸಿದರು. ಹೌದೆಂದೋ ಛೆ ಎಂದೋ ತಿಳಿಯಲಿಲ್ಲ.

4.45. ಅರ್ಜೆಂಟು ಕೈ ಚಾಚಿದರು. ಮೊಹರು ಕೊಟ್ಟೆ.

ಮಾರ್ಚ್ 19

ಬರೆಯಲಿಲ್ಲ ಇಷ್ಟು ದಿನ. ಪ್ಯಾಕಿಂಗ್‌ನಲ್ಲಿ ಟೇಪು ಇದೆ, ಅದು ಅಂಟಿಸುವ ಟೇಪು.

ಪೆಟ್ಟಿಗೆ ಕಟ್ಟು, ಸಾಲಾಗಿ ಒಟ್ಟು,
ಹತ್ತೊಂಬತ್ತು ವರ್ಷ ಮೂಲೆಗಿಟ್ಟು.

ದೊಡ್ಡಪ್ಪನಿಗೆ ಹೊಸ ಪಟ್ಟಿ ಬಂತಂತೆ. ಪುಟ ಮಾಡಿದ ಕೆಲಸ. ಮುನ್ನೂರು ಪಿನ್ನು ಮತ್ತೆ ಮಾಡುತ್ತಿದ್ದಾರೆ. ಊಟದ ಹೊತ್ತಿಗೆ ಒಂದನ್ನು ತಂದು ನನ್ನ ಡಬ್ಬಿಯ ಪಕ್ಕ ಇಟ್ಟು ಹೋದರು. ಮನೆಗೆ ಬರುವ ತನಕ ಬೆರಳಲ್ಲಿ ಉಜ್ಜುತ್ತಲೇ ಇದ್ದೆ. ದುಂಡಗೇ ಇರಬೇಕು. ಆದರೆ ಬೆರಳನ್ನೂ ಈಗ ನಂಬುವುದಿಲ್ಲ.

ಮಾರ್ಚ್ 24, ಸೋಮವಾರ. ಬೆಳಗ್ಗೆ 8.40

ಮೊಹರು ನನ್ನ ಮೇಜಿನ ಮೇಲಿದೆ.

ಪಂಪ್ ಕಂಪನಿಯಿಂದ ಕಾಗದ ಬಂದಿದೆಯಂತೆ: ಹೊಸ ಪಿನ್ನು ಬರುವುದಾದರೆ ಆ ಪುಟ ಬರೆದವರ ಮೊಹರಿನ ಜೊತೆಗೇ ಬರಲಿ. ಅರ್ಜೆಂಟು ಮೊಹರನ್ನು ಇಟ್ಟರು, ಕೈಗಡಿಯಾರ ನೋಡಿದರು. ‘‘ಹನ್ನೊಂದಕ್ಕೆ ಲಾರಿ ಮೇಡಂ. ಮುನ್ನೂರಕ್ಕೂ ಒತ್ತಿಬಿಡಿ.’’

‘‘ರಿಂಗ್ ಗೇಜ್ ಬಂತಾ ಸರ್?’’

‘‘ನಾಳೆ ಬರುತ್ತೆ.’’

‘‘ಹಾಗಾದ್ರೆ ಮುನ್ನೂರನ್ನೂ ವಿ-ಬ್ಲಾಕ್ ಮೇಲೆ ತಿರುಗಿಸ್ತೀನಿ.’’

‘‘ಲಾರಿ?’’

‘‘ಆಮೇಲೆ ನೋಡೋಣ.’’

10.50

ಲಾರಿ ಬಂದು ನಿಂತಿದೆ. ಅರ್ಜೆಂಟು ಬಾಗಿಲಲ್ಲಿ. ದೊಡ್ಡಪ್ಪ ಮಷೀನು ನಿಲ್ಲಿಸಿ ಬಂದು ನನ್ನ ಹೆಗಲ ಹಿಂದೆ ನಿಂತಿದ್ದಾರೆ, ಉಸಿರು ಕೇಳಿಸುತ್ತಿದೆ. ನೂರ ಹದಿನಾರು — ಮುಳ್ಳು ನಿಂತಲ್ಲೇ ಇದೆ. ನೂರ ಹದಿನೇಳು — ನಿಂತಲ್ಲೇ. ಪೆನ್ನು ಹಿಡಿದ ಕೈಯಿಂದ ತಿರುಗಿಸಲಾಗದು, ಕೆಳಗಿಡಬೇಕು. ನೂರ ಹದಿನೆಂಟು —