ಬೇಕರಿಯವಳಿಗೆ ಕಟ್ಟಿದ ಆಸ್ಪತ್ರೆ

ಬುಧವಾರ, ಬೆಳಿಗ್ಗೆ

ನನ್ನ ಚಿಕ್ಕ ಮಗಳಿಗೆ,

ಆಶೀರ್ವಾದ. ಕೋಪ ಬಂದಾಗಲೂ ಕೊಡಬೇಕಾದದ್ದು ಅದೊಂದೇ, ಆದ್ದರಿಂದ ಮೊದಲೇ ಬರೆದುಬಿಟ್ಟೆ.

ನೀನು ಫೋನು ಎತ್ತುತ್ತಿಲ್ಲ. ಎತ್ತಿದರೂ ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಡುತ್ತೀಯ, ಆ ಆಮೇಲೆ ಎನ್ನುವುದು ಬರುವುದೇ ಇಲ್ಲ. ಮೆಸೇಜು ಹಾಕಿದರೆ ಹೆಬ್ಬೆರಳಿನ ಚಿತ್ರ ಕಳಿಸುತ್ತೀಯ. ಹೆತ್ತ ತಾಯಿಗೆ ಹೆಬ್ಬೆರಳು ತೋರಿಸುವುದು ಯಾವ ಮರ್ಯಾದೆಯೋ ನಾನು ಅರಿಯೆ. ಕಾಗದವಾದರೆ ನನ್ನ ಮಾತನ್ನು ಪೂರ್ತಿ ಹೇಳಲು ಬಿಡುತ್ತದೆ ಎಂದು ಬರೆಯುತ್ತಿದ್ದೇನೆ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಿನ್ನ ಅಣ್ಣ ಲಾಂಡ್ರಿಗೆ ಹೊಸ ಉಗಿ ಇಸ್ತ್ರಿಪೆಟ್ಟಿಗೆ ತಂದಿದ್ದಾನೆ. ಬೇಡ ಎಂದಿದ್ದೆ. ಅದು ಬಿಳಿ ಅಂಗಿಗಳ ಮೇಲೆ ತುಕ್ಕಿನ ನೀರು ಕಕ್ಕುತ್ತದೆ. ನಿನ್ನ ಅತ್ತಿಗೆ ಗಂಡನ ಪರ ವಹಿಸಿ, ಹೊಸದಲ್ಲವೇ ಅತ್ತೆ, ಪಳಗಬೇಕು ಎನ್ನುತ್ತಾಳೆ. ಅವಳು ಪಳಗಿದ ಹಾಗೆ ಅದೂ ಪಳಗೀತು ಎಂದೆ. ಅವಳು ನಕ್ಕಳು. ಈಚೆಗೆ ನನ್ನ ಮಾತಿಗೆ ಯಾರೂ ಹೆದರುತ್ತಿಲ್ಲ.

ಈಗ ಆಟದ ವಿಷಯ. ನಮ್ಮ ಕಥೆ ನಿಂತಲ್ಲೇ ನಿಂತಿದೆ. ಓದುವವರು ಹಿಂದಿನ ಕಂತಿನ ಕೆಳಗೆ ಬೇಕರಿಯವಳು ಎಲ್ಲಿ, ಬೇಕರಿಯವಳು ಎಲ್ಲಿ ಎಂದು ಕೇಳುತ್ತಲೇ ಇದ್ದಾರೆ. ನನ್ನಿಂದಲೇ ತಡವಾಗಿದೆ ಎಂದು ನಿನಗೆ ಗೊತ್ತು. ಯಾಕೆ ತಡವಾಯಿತು ಎನ್ನುವುದು ಗೊತ್ತಿಲ್ಲ. ಅದನ್ನು ಹೇಳುವ ಮುಂಚೆ ಹಳೆಯ ಮಾತು ಸ್ವಲ್ಪ ಹೇಳುತ್ತೇನೆ, ಕೇಳಿಸಿಕೋ.

ಮೊಣಕಾಲಿನ ಆಪರೇಷನ್ ಆಗಿ ಮಂಚ ಹಿಡಿದಿದ್ದಾಗ, ನಾನು ನಿನ್ನ ಅತ್ತಿಗೆಯ ಮೇಲೆ ಹರಿಹಾಯುವುದನ್ನು ನಿಲ್ಲಿಸಲಿ ಎಂದು ನಿನ್ನ ಹಳೆಯ ಲ್ಯಾಪ್‌ಟಾಪನ್ನು ತಂದು ನನ್ನ ತೊಡೆಯ ಮೇಲಿಟ್ಟವಳು ನೀನು. ಜನರನ್ನು ಮಾಡಿ, ಅವರಿಗೆ ಮನೆ ಕಟ್ಟಿಕೊಟ್ಟು, ಊಟ ಹಾಕಿ, ಕೆಲಸಕ್ಕೆ ಕಳಿಸಿ, ಹೊತ್ತಿಗೆ ಸರಿಯಾಗಿ ಮಲಗಿಸಿ ಬದುಕಿಸುವ ಆಟ ಎಂದೆ. ಮದುವೆಯಾದಾಗಿನಿಂದ ಸಂಬಳವಿಲ್ಲದೆ ಅದನ್ನೇ ಆಡುತ್ತಿದ್ದೇನೆ, ಹೊಸದೇನು ಎಂದು ನಾನು ಕೇಳಿದೆ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆಗಲೇ ನೀನು ಕನ್ನಡಕದ ಅಂಗಡಿಯ ಕೆಲಸದಿಂದ ಬಂದ ಮೇಲೆ ಸಂಜೆ ಹೊತ್ತು ಆಟದ ಜನರ ಫೋಟೋ ತೆಗೆದು, ಕೆಳಗೆ ಬರೆದು, ಕಂತುಕಂತಾಗಿ ಇಂಟರ್ನೆಟ್ಟಿನಲ್ಲಿ ಕಥೆ ಹಾಕುತ್ತಿದ್ದೆ. ಆದರೆ ಒಂದು ಕಂತು ಬರೆಯಬೇಕಾದರೆ ಮನೆ ಕಟ್ಟಬೇಕು, ಬಟ್ಟೆ ತೊಡಿಸಬೇಕು, ಇವಳಿಗೂ ಅವನಿಗೂ ಸ್ನೇಹ ಬೆಳೆಸಬೇಕು, ಅಷ್ಟು ಹೊತ್ತಿಗೆ ಬರೆಯುವ ಹುರುಪೇ ಸತ್ತುಹೋಗುತ್ತದೆ ಎಂದು ಗೋಳಾಡುತ್ತಿದ್ದೆ. ತಯಾರಿ ನನಗೆ ಬಿಡು, ಕಥೆ ನೀನು ನೋಡಿಕೋ ಎಂದು ಹೇಳಿದ್ದು ನಾನು. ಅಂದಿನಿಂದ ನಮ್ಮ ಪದ್ಧತಿ ಇದು: ಮುಂದಿನ ಕಂತಿಗೆ ಏನೇನು ಬೇಕೆಂದು ನೀನು ಹೇಳುವುದು, ನಾನು ಮಧ್ಯಾಹ್ನ ಕೂತು ಸಜ್ಜು ಮಾಡಿ, ಅಲ್ಲಿಗೇ ಸೇವ್ ಮಾಡಿ ನಿನಗೆ ಕಳಿಸುವುದು. ಅಲ್ಲಿಂದ ಮುಂದಕ್ಕೆ ನಾನು ಒಂದು ಹೆಜ್ಜೆಯೂ ಆಡಕೂಡದು.

ಮೊದಮೊದಲು ನಾನು ಕೆಡಿಸಿದೆ ಎನ್ನುತ್ತೀಯ. ಬೇಕರಿಯವಳ ಒಲೆಗೆ ಬೆಂಕಿ ಹತ್ತಬೇಕು, ಪಕ್ಕದ ಮನೆಯ ಗಡಿಯಾರ ರಿಪೇರಿಯವನು ಓಡಿಬಂದು ಆರಿಸಬೇಕು, ಅಲ್ಲಿಂದ ಪರಿಚಯ ಎಂದು ನಿನ್ನ ಲೆಕ್ಕಾಚಾರ. ನನಗೆ ನೀನು ಹೇಳಿದ್ದು ಅಡುಗೆಮನೆ ಕಟ್ಟು ಎಂದಷ್ಟೇ. ಕಟ್ಟಿದೆ. ಒಳ್ಳೆಯ ಒಲೆಯನ್ನೇ ಇಟ್ಟೆ, ಹೊಗೆ ಕಂಡರೆ ಕೂಗುವ ಯಂತ್ರ ತೂಗುಹಾಕಿದೆ, ಅವಳಿಗೆ ಅಡುಗೆ ವಿದ್ಯೆಯನ್ನು ಕಟ್ಟಕಡೆಯವರೆಗೆ ಕಲಿಸಿದೆ. ನೀನು ಎಷ್ಟು ಸಲ ಆಡಿಸಿದರೂ ಒಂದು ಕಿಡಿ ಹಾರಲಿಲ್ಲ. ಅವಳು ಕೇಕಿನ ಮೇಲೆ ಕೇಕು ಬೇಯಿಸಿದಳು, ಗಡಿಯಾರದವನು ಬೇಲಿಯಾಚೆ ನಿಂತು ಆಕಳಿಸಿದ. ಆ ಕಂತು ಓದಿದವರೊಬ್ಬರು, ಈ ಮನೆ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿ ಬರೆದರು. ನೀನು ವಾರವೆಲ್ಲ ಮುಖ ಊದಿಸಿಕೊಂಡಿದ್ದೆ. ಆಮೇಲೆ ನಾನೂ ಕಲಿತೆ. ಕುಂಟುವ ಕುರ್ಚಿ ಇಡಲು, ದೀಪ ಕೆಟ್ಟ ಬಚ್ಚಲು ಕಟ್ಟಲು, ಹಾಸಿಗೆ ಹಾಗೇ ಕೆದರಿ ಬಿಡಲು. ಆಟದ್ದಾದರೇನು, ಕೆದರಿದ ಹಾಸಿಗೆ ಕಂಡರೆ ನನ್ನ ಕೈ ಈಗಲೂ ತುರಿಸುತ್ತದೆ.

ಬೇಕರಿಯವಳಿಗೆ ಅಣ್ಣ ಇದ್ದಾನೆ, ಬೆಕ್ಕು ಇದೆ, ಬಾಡಿಗೆ ಕೇಳುವ ಮುದುಕಿ ಇದ್ದಾಳೆ, ಅಮ್ಮ ಮಾತ್ರ ಯಾಕಿಲ್ಲ ಎಂದು ಒಮ್ಮೆ ಕೇಳಿದ್ದೆ. ಒಬ್ಬಳನ್ನು ನಾನೇ ಮಾಡಿಕೊಡುತ್ತೇನೆ, ನಿನಗೆ ತೊಂದರೆಯಿಲ್ಲ ಎಂದೂ ಹೇಳಿದ್ದೆ. ಆಗ ನೀನು ಅಂದ ಮಾತು ಇನ್ನೂ ಕಿವಿಯಲ್ಲಿದೆ.

"ಅಮ್ಮ ಇದ್ರೆ ಕಥೆ ಎಲ್ಲಮ್ಮ ಹುಟ್ಟುತ್ತೆ? ಆಗೋಕೆ ಮೊದಲೇ ಎಲ್ಲಾ ಸರಿ ಮಾಡಿಟ್ಟಿರ್ತಾಳೆ."

ತಮಾಷೆಗೆ ಅಂದೆ ಎಂದುಕೊಂಡು ಬಿಟ್ಟೆ. ಆದರೆ ನಿನ್ನ ಅಪ್ಪ ಕೊನೆಯ ಕಾಯಿಲೆಯಲ್ಲಿ ಮಲಗಿದ್ದ ಕಾಲವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಂದೆ ಎಂದು ನನಗೆ ತಿಳಿಯದೇ ಇರಲಿಲ್ಲ. ಆಗ ಯಾರು ಯಾವಾಗ ಆಸ್ಪತ್ರೆಯಲ್ಲಿ ಕೂರಬೇಕು, ಯಾರು ಲಾಂಡ್ರಿ ನೋಡಬೇಕು, ಅವರ ಮುಂದೆ ಯಾವ ಮಾತು ಆಡಬಾರದು ಎಂದೆಲ್ಲ ನಾನು ಗೊತ್ತುಮಾಡಿದ್ದೆ. ಅಮ್ಮ ಅಳೋದಕ್ಕೂ ಸರದಿ ಹಾಕಿದ್ದಳು ಎಂದು ನೀನು ನಿನ್ನ ಅಕ್ಕನ ಹತ್ತಿರ ಹೇಳಿದ್ದೀಯ, ಅವಳು ನನ್ನ ಹತ್ತಿರ ಹೇಳಿದ್ದಾಳೆ. ಹೌದು, ಹಾಕಿದ್ದೆ. ಹಾಕದಿದ್ದರೆ ಅವರು ಒಂದು ದಿನವಾದರೂ ನಿಮ್ಮ ಕೆಂಪು ಕಣ್ಣು ನೋಡದೆ ನಿದ್ದೆ ಮಾಡುತ್ತಿದ್ದರೇ? ಆ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ. ಮತ್ತೆ ಹಾಗೇ ಆದರೆ ಮತ್ತೆ ಹಾಗೇ ಮಾಡುತ್ತೇನೆ ಎಂದು ನಿನ್ನೆಯವರೆಗೂ ಅಂದುಕೊಂಡಿದ್ದೆ.

ಈಗ ತಡವಾದದ್ದು ಯಾಕೆಂದು ಹೇಳುತ್ತೇನೆ.

ಗಡಿಯಾರದವನ ಕೈ ಮುರಿದಾಗ ಆಸ್ಪತ್ರೆ ಬೇಕಾಗಿತ್ತು. ಆಗ ನೀನು, ಯಾವುದೋ ಒಂದು ಆಸ್ಪತ್ರೆ ಹಾಕಮ್ಮ, ಮಂಚ ಕಂಡರೆ ಸಾಕು ಎಂದಿದ್ದೆ. ಈ ಸಲ ಬೇಕರಿಯವಳಿಗೆ ಆಸ್ಪತ್ರೆ ಬೇಕೆಂದು ಕಳಿಸಿದ ವಿವರ ನೋಡು. ಕಾಯುವ ಜಾಗದಲ್ಲಿ ಕಬ್ಬಿಣದ ಪಟ್ಟಿಗೆ ಸೇರಿಸಿದ ನೀಲಿ ಕುರ್ಚಿಗಳು, ಕೊನೆಯದರ ಬೆನ್ನು ಸೀಳಿದೆ. ಗಾಜಿನ ಹಿಂದೆ ಕೂತ ಹೆಂಗಸಿನ ಬಲಗಡೆ ಕುಂಡ, ಅದರಲ್ಲಿ ಗಿಡವಿಲ್ಲ, ಮಣ್ಣು ಮಾತ್ರ. ಬಟ್ಟೆ ಬದಲಿಸುವ ಮೂಲೆಗೆ ಹಸಿರು ಪರದೆ, ಒಂದು ಕಡೆ ಕೊಂಡಿ ಕಳಚಿ ಜೋತುಬಿದ್ದಿದೆ. ಗೋಡೆಯಲ್ಲಿ ಹೆಂಗಸಿನ ಎದೆಯ ಚಿತ್ರಪಟ, ಅದರ ಕೆಳಗೆ ಯಾರೋ ಪೆನ್ನಿನಲ್ಲಿ ಗೀಚಿದ್ದನ್ನು ಉಜ್ಜಿ ಅಳಿಸಿದ ಕಲೆ. ಬೇಕರಿಯವಳು ಎದೆಯ ಗಂಟಿನಿಂದ ತುಣುಕು ತೆಗೆಸಿ ಪರೀಕ್ಷೆಗೆ ಕೊಟ್ಟಿದ್ದಾಳೆ. ಗುರುವಾರ ಫಲಿತಾಂಶ. ಒಬ್ಬಳೇ ಹೋಗುತ್ತಾಳೆ.

ನೀನು ಕಥೆಯಲ್ಲಿ ಎಂದೂ ವಾರ ಹೇಳಿದವಳಲ್ಲ. ಮಳೆಗಾಲವೋ ಬೇಸಿಗೆಯೋ ಎಂದು ಕೇಳಿದರೂ ನಿನ್ನಿಷ್ಟ ಎನ್ನುವವಳು. ತಯಾರಿ ನಿನ್ನ ಜಾಯಮಾನವೇ ಅಲ್ಲ ಮಗಳೇ. ಇಷ್ಟು ಅಚ್ಚುಕಟ್ಟಾಗಿ ತಯಾರಾದ ಕೋಣೆಯನ್ನು ನೀನು ಕಲ್ಪಿಸಿರಲಾರೆ, ನೋಡಿಯೇ ಇರಬೇಕು.

ಆ ವಿವರ ಬಂದ ದಿನ ಫೋನು ಮಾಡಿದಾಗ ನೇರವಾಗಿ ಕೇಳಲು ನನ್ನ ನಾಲಿಗೆ ಏಳಲಿಲ್ಲ. ಪರದೆ ಎಂಥ ಹಸಿರು, ಎಲೆಹಸಿರೋ ಗಿಣಿಹಸಿರೋ ಎಂದು ಕೇಳಿದೆ. ನೀನು ಯೋಚನೆಯನ್ನೇ ಮಾಡದೆ, ಒಗೆದು ಒಗೆದು ಬಿಳಿಚಿಕೊಂಡಿದೆ, ಅಂಚಿನಲ್ಲಿ ಮಾತ್ರ ಹಸಿರು ಉಳಿದಿದೆ ಎಂದೆ. ಒಗೆದ ಬಟ್ಟೆಯ ಅಂಚನ್ನು ಯಾರೂ ಕಥೆಗಾಗಿ ಊಹಿಸುವುದಿಲ್ಲ. ಬಟ್ಟೆ ಬದಲಿಸುವಾಗ ಎತ್ತ ನೋಡಬೇಕೆಂದು ತಿಳಿಯದೆ ಅದನ್ನೇ ನೋಡುತ್ತಾ ನಿಂತವಳಿಗೆ ಮಾತ್ರ ಅದು ಕಾಣುತ್ತದೆ. ಮುಂದೇನಾಗುತ್ತದೆ ಬೇಕರಿಯವಳಿಗೆ ಎಂದು ಕೇಳಿದೆ.

"ಗೊತ್ತಿಲ್ಲಮ್ಮ. ಗೊತ್ತಿಲ್ಲದೇ ಇರೋದನ್ನ ನಂಗೆ ಬಿಟ್ಟುಬಿಡು."

ಆಮೇಲೆ ನೀನು ಕಳಿಸಿದ್ದು ಬರೀ ಹೆಬ್ಬೆರಳು.

ಆಸ್ಪತ್ರೆಯನ್ನು ನೀನು ಹೇಳಿದ ಹಾಗೇ ಕಟ್ಟಿದೆ. ಕುರ್ಚಿ ಸೀಳಿದೆ, ಕುಂಡದಲ್ಲಿ ಗಿಡವಿಲ್ಲ. ಸೇವ್ ಮಾಡಿದೆ, ಆದರೆ ಕಳಿಸುವ ಬದಲು ನಮ್ಮ ಪದ್ಧತಿ ಮುರಿದು ಮುಂದಕ್ಕೆ ಆಡಿದೆ. ಬೇಕರಿಯವಳು ಬಂದು ಕೂತಳು. ಸ್ವಲ್ಪ ಹೊತ್ತಾದ ಮೇಲೆ, ನಾನು ಹೇಳದೇ ಇದ್ದರೂ ಎದ್ದುಹೋಗಿ ಆಸ್ಪತ್ರೆಯ ಕೈತೊಳೆಯುವ ಬೋಗುಣಿಯನ್ನು ತಿಕ್ಕತೊಡಗಿದಳು. ನಾನು ಕಲಿಸಿದ ಬುದ್ಧಿ. ಮತ್ತೆ ಬಂದು ಕೂತಳು. ಅವಳ ಹಸಿವು, ನಿದ್ದೆ ತೋರಿಸುವ ಬಣ್ಣದ ಪಟ್ಟಿಗಳೆಲ್ಲ ಹಸಿರಾಗಿದ್ದವು. ಜೊತೆ ಬೇಕೆನ್ನುವುದನ್ನು ತೋರಿಸುವ ಪಟ್ಟಿಯೊಂದು ಮಾತ್ರ ಹಳದಿಗೆ ತಿರುಗಿ, ಕೆಂಪಾಗಿ, ತಳ ಮುಟ್ಟಿತು. ಎಲ್ಲ ಪಟ್ಟಿಗಳನ್ನೂ ಒಂದೇ ಸಲಕ್ಕೆ ಹಸಿರು ಮಾಡುವ ಗುಟ್ಟಿನ ಅಕ್ಷರಗಳನ್ನು ನೀನೇ ಹೇಳಿಕೊಟ್ಟಿದ್ದೀಯಲ್ಲ, ಅವನ್ನು ಒತ್ತಿದೆ. ಹಸಿರಾಯಿತು. ಅವಳು ನಗತೊಡಗಿದಳು. ಆ ಸೀಳಿದ ಕುರ್ಚಿಯಲ್ಲಿ ಒಬ್ಬಳೇ ಕೂತು, ಗೋಡೆ ನೋಡಿಕೊಂಡು, ಹಲ್ಲು ಬಿಟ್ಟು ನಗುತ್ತಿದ್ದಳು. ನನ್ನಿಂದ ನೋಡಲಾಗಲಿಲ್ಲ. ಆಡಿದ್ದನ್ನು ಸೇವ್ ಮಾಡದೆ ಮುಚ್ಚಿಬಿಟ್ಟೆ.

ಅಂದಿನಿಂದ ಕಳಿಸಿಲ್ಲ. ನಾನು ಕಳಿಸದಿದ್ದರೆ ನೀನು ಆ ಕಂತು ಬರೆಯಲಾರೆ, ಬರೆಯದಿದ್ದರೆ ಫಲಿತಾಂಶ ಬರಲಾರದು ಎಂದು ಒಳಗೆಲ್ಲೋ ಒಂದು ಹುಚ್ಚು ಲೆಕ್ಕ. ಹೈಸ್ಕೂಲು ಮೆಟ್ಟಿಲು ಹತ್ತಿದವಳು ಹೀಗೆಲ್ಲ ಯೋಚಿಸಬಾರದು, ಗೊತ್ತು. ಕಳಿಸಿದಿರಾ ಅತ್ತೆ ಎಂದು ನಿನ್ನ ಅತ್ತಿಗೆ ಕೇಳಿದಾಗಲೆಲ್ಲ, ಪರದೆಯ ಬಣ್ಣ ಇನ್ನೂ ಹದಕ್ಕೆ ಬಂದಿಲ್ಲ ಎನ್ನುತ್ತೇನೆ. ಮೊನ್ನೆ ವಕೀಲರ ಕೋಟನ್ನು ಕಂಪೌಂಡರನಿಗೆ ಕೊಟ್ಟು ಕಳಿಸಿದೆ. ಅವನು ಅದನ್ನು ಹಾಕಿಕೊಂಡು ನೋಡಿ, ಚೆನ್ನಾಗಿಯೇ ಇದೆ ಎಂದು ವಾಪಸು ತಂದುಕೊಟ್ಟ. ಲಾಂಡ್ರಿ ತೆರೆದಾಗಿನಿಂದ ನನ್ನ ಕೈಯಲ್ಲಿ ಅಂಥದ್ದು ಆಗಿರಲಿಲ್ಲ. ನಿನ್ನ ಅಣ್ಣ ನನಗೇ ಕಣ್ಣಿನ ಪರೀಕ್ಷೆ ಮಾಡಿಸಬೇಕು ಎನ್ನುತ್ತಿದ್ದಾನೆ.

ನಾನು ಯಾರಿಗೂ ಹೇಳಿಲ್ಲ. ನಿನ್ನ ಅಕ್ಕನಿಗೂ ಇಲ್ಲ. ದೊಡ್ಡ ಡಾಕ್ಟರು ಯಾರು, ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಿಲ್ಲ. ನೀನು ನಂಬುವುದಿಲ್ಲ, ಆದರೂ ನಿಜ. ಎರಡು ಸಲ ಫೋನು ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಟ್ಟೆ. ಮಗಳ ಮೈಯಲ್ಲಿ ಏನಾಗಿದೆ ಎಂದು ಅವಳ ಬಾಯಿಂದ ಕೇಳದೆ ಊರಿಗೆಲ್ಲ ಹೇಳುವವಳು ನಾನಲ್ಲ.

ಇದೆಲ್ಲ ನನ್ನ ಭ್ರಮೆಯಾಗಿದ್ದರೆ, ಪಕ್ಕದ ಅಂಗಡಿಯವಳ ಕಥೆಯನ್ನು ನೀನು ಎತ್ತಿಕೊಂಡು ಬರೆದಿದ್ದರೆ, ಬಾಯಿತುಂಬ ನಗು. ಅಣ್ಣನಿಗೂ ಹೇಳು, ಅತ್ತಿಗೆಗೂ ಹೇಳು, ಮುದುಕಿಗೆ ಆಟ ತಲೆಗೇರಿದೆ ಎಂದು ಎಲ್ಲರೂ ಸೇರಿ ಆಡಿಕೊಳ್ಳಿ. ನನ್ನ ಜೀವಮಾನದಲ್ಲಿ ನಾನೇ ತಪ್ಪಾಗಿರಲಿ ಎಂದು ಬೇಡಿಕೊಂಡದ್ದು ಇದೇ ಮೊದಲು.

ಭ್ರಮೆಯಲ್ಲದಿದ್ದರೆ, ಬೇಕರಿಯವಳಿಗೆ ಅಮ್ಮನೊಬ್ಬಳನ್ನು ಕೊಡು. ಅವಳು ಡಾಕ್ಟರನ್ನು ಪ್ರಶ್ನೆ ಕೇಳುವುದಿಲ್ಲ. ಗಾಜಿನ ಹಿಂದಿನ ಹೆಂಗಸಿಗೆ ಕುಂಡದಲ್ಲಿ ಗಿಡ ನೆಡಲು ಹೇಳುವುದಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂರುತ್ತಾಳೆ, ಅಷ್ಟೆ. ಕಥೆ ಅವಳಿಂದ ಕೆಡುವುದಿಲ್ಲ, ಮುಂದೇನೆಂದು ಅವಳಿಗೂ ಗೊತ್ತಿರುವುದಿಲ್ಲವಲ್ಲ. ಏನೂ ಮಾಡದೆ ಸುಮ್ಮನೆ ಕೂರಲು ನಿನಗೆ ಬರುತ್ತದೆಯೇ ಅಮ್ಮ ಎಂದು ನೀನು ಕೇಳುತ್ತೀಯ. ಬರುವುದಿಲ್ಲ. ಬರುತ್ತದೆ ಎಂದು ಸುಳ್ಳು ಹೇಳಲಾರೆ. ಎದ್ದು ಬೋಗುಣಿ ತಿಕ್ಕಲು ಹೋದರೆ ಸೆರಗು ಹಿಡಿದು ಕೂರಿಸು.

ನಿನಗೆ ನನ್ನ ಮೇಲೆ ಸಿಟ್ಟು ಬರುವುದಾದರೆ ಬರಲಿ, ಅದನ್ನು ಗುರುವಾರ ಕಳೆದ ಮೇಲೆ ತೀರಿಸಿಕೋ.

ಇಂತಿ,
ನಿನ್ನ ಅಮ್ಮ

ಮತ್ತೊಂದು ಮಾತು: ಈ ಕಾಗದಕ್ಕೆ ಅಂಚೆಚೀಟಿ ಇಲ್ಲದ್ದನ್ನು ನೋಡಿರುತ್ತೀಯ. ಅಂಚೆಗೆ ಹಾಕಿದರೆ ಗುರುವಾರ ದಾಟಿದ ಮೇಲೆ ನಿನ್ನ ಕೈಸೇರುತ್ತದೆ. ಮೊದಲ ಬಸ್ಸಿಗೆ ಹೊರಟು ಬಂದು, ನಿನ್ನ ಊರಿನ ಬಸ್‌ನಿಲ್ದಾಣದ ಬೆಂಚಿನಲ್ಲಿ ಕೂತು ಬರೆದು, ಈಗ ನಿನ್ನ ಬಾಗಿಲ ಅಡಿಯಿಂದ ಒಳಕ್ಕೆ ತಳ್ಳುತ್ತಿದ್ದೇನೆ. ಒಳಗೆ ಫ್ಯಾನು ತಿರುಗುವುದು ಕೇಳಿಸುತ್ತಿದೆ, ಅಂದರೆ ನೀನು ಅಂಗಡಿಗೆ ಹೋಗಿಲ್ಲ. ಬೆಲ್ ಒತ್ತುವುದಿಲ್ಲ, ಮೆಟ್ಟಿಲ ಮೇಲೆ ಕೂತಿರುತ್ತೇನೆ. ಊಟ ಕಟ್ಟಿಸಿಕೊಂಡು ಬಂದಿಲ್ಲ. ಬದಲಿ ಬಟ್ಟೆ ಇಲ್ಲ. ಹಲ್ಲುಜ್ಜುವ ಬ್ರಷ್ಷೂ ತಂದಿಲ್ಲ. ನೀನು ಬಾಗಿಲು ತೆಗೆದಾಗ ಏನು ಹೇಳಬೇಕೆಂದೂ ಯೋಚಿಸಿಕೊಂಡು ಬಂದಿಲ್ಲ.